ಲಾಳಿಯಲ್ಲಿ ಕಂಡಿಕೆ, ರಾಕೆಟ್ಟಿನಲ್ಲಿ ಎಂಜಿನು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಒಮ್ಮೆಯಾದರೂ ನಡೆದವರಿಗೆ ಮಗ್ಗದ ಸದ್ದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಹಾಸಿನ ಎಳೆಗಳ ನಡುವೆ ಲಾಳಿಯು ಅತ್ತಿಂದಿತ್ತ ಇತ್ತಿಂದತ್ತ ಓಡುತ್ತಿರುತ್ತದೆ. ಅದರ ಹೊಟ್ಟೆಯೊಳಗೆ ನೂಲು ಸುತ್ತಿದ ಕಂಡಿಕೆ ಕುಳಿತಿರುತ್ತದೆ. ಲಾಳಿಯು ಎಷ್ಟು ರಭಸದಿಂದ ಬಡಿದರೂ ಕಂಡಿಕೆಯು ಅಲುಗಬಾರದು. ಆದರೆ ನೂಲು ತೀರಿದೊಡನೆ ಅದು ಬೆರಳ ತುದಿಗೆ ಸಲೀಸಾಗಿ ಹೊರಬಂದು, ಇನ್ನೊಂದು ಕಂಡಿಕೆಗೆ ಎಡೆಮಾಡಿಕೊಡಬೇಕು. ಓಡುವಾಗ ಬಿಗಿ, ಬದಲಿಸುವಾಗ ಸಡಿಲ ಎಂಬ ಈ ಎರಡು ವಿರುದ್ಧ ಗುಣಗಳನ್ನು ಒಂದೇ ಕಡೆ ಕೂಡಿಸುವುದು ನೇಕಾರನಿಗೆ ನಿತ್ಯದ ಮಾತು. ಮಾದರಿ ರಾಕೆಟ್ಟನ್ನು ಕಟ್ಟುವ ವಿದ್ಯಾರ್ಥಿಗೂ ಎದುರಾಗುವ ಮೊದಲ ಸಮಸ್ಯೆ ಇದೇ.

ಕಳೆದ ಬೇಸಗೆಯ ರಜೆಯಲ್ಲಿ ನನಗೆ ಪರಿಚಯವಿರುವ ನೇಕಾರ ಕುಟುಂಬವೊಂದಕ್ಕೆ ಪರದೇಶದಿಂದ ಬಂದ ಬಂಧುಗಳು ಅಲ್ಲಿಯ ಹುಡುಗನಿಗಾಗಿ ಒಂದು ಮಾದರಿ ರಾಕೆಟ್ಟಿನ ಪೆಟ್ಟಿಗೆಯನ್ನು ತಂದುಕೊಟ್ಟರು. ಪೆಟ್ಟಿಗೆಯಲ್ಲಿ ರಟ್ಟಿನ ಕೊಳವೆಗಳು, ಹಗುರ ಮರದ ರೆಕ್ಕೆಗಳು, ಮೊನೆಯ ಟೊಪ್ಪಿಗೆ, ಪ್ಲಾಸ್ಟಿಕ್ಕಿನ ಪುಟ್ಟ ಪ್ಯಾರಾಷೂಟು, ಒಂದು ಉಕ್ಕಿನ ಪಟ್ಟಿ, ಕೆಲವು ರಟ್ಟಿನ ಬಳೆಗಳು ಇದ್ದುವು. ಎಂಜಿನು ಮಾತ್ರ ಇರಲಿಲ್ಲ. ಇರುವಂತೆಯೂ ಇಲ್ಲ. ಅದರೊಳಗೆ ತುಂಬಿರುವುದು ಮದ್ದು. ಮದ್ದನ್ನು ಪ್ರಯಾಣಿಕರು ತಮ್ಮ ಸಾಮಾನಿನಲ್ಲಿಟ್ಟು ವಿಮಾನದಲ್ಲಿ ತರುವಂತಿಲ್ಲ. ನಮ್ಮ ದೇಶದಲ್ಲಿ 1884ರ ಸ್ಫೋಟಕಗಳ ಅಧಿನಿಯಮವೂ ಅದರಡಿಯಲ್ಲಿ ರಚಿತವಾದ 2008ರ ನಿಯಮಗಳೂ ಇಂಥ ವಸ್ತುಗಳ ತಯಾರಿಕೆ, ಸಂಗ್ರಹ, ಸಾಗಾಟಗಳನ್ನು ಪರವಾನಗಿಯ ಕಟ್ಟಿನೊಳಗೆ ಇರಿಸಿವೆ. ಹುಡುಗನಿಗೆ ನಿರಾಸೆಯಾಯಿತು. ‘ಮದ್ದನ್ನು ನಾವೇ ಅರೆದು ತುಂಬಿದರಾಗದೆ?’ ಎಂದು ಮುಧೋಳದಿಂದ ಬಂದಿದ್ದ ಅವನ ಗೆಳೆಯ ಕೇಳಿದ. ಆಗದು. ಈ ಪ್ರಶ್ನೆಗೆ ಉತ್ತರವನ್ನು ಕಲಿಯಲು ಹೋಗಿ ಅನೇಕರು ಬೆರಳುಗಳನ್ನೂ ಕೆಲವರು ಪ್ರಾಣವನ್ನೂ ಕಳೆದುಕೊಂಡಿದ್ದಾರೆ. ಮಾದರಿ ರಾಕೆಟ್ಟು ಎಂಬ ಹವ್ಯಾಸ ಹುಟ್ಟಿದುದೇ ಆ ಅನಾಹುತಗಳನ್ನು ತಪ್ಪಿಸುವುದಕ್ಕಾಗಿ. ಅಮೆರಿಕದ ನೆಬ್ರಾಸ್ಕಾ ಪ್ರಾಂತದಲ್ಲಿ ಪಾದರಕ್ಷೆಗಳ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಎಂಬಾತನು 1954ರಲ್ಲಿ ಕಾಗದದ ಕೊಳವೆಯ, ಬದಲಿಸಬಹುದಾದ ಎಂಜಿನಿನ ಪುಟ್ಟ ರಾಕೆಟ್ಟನ್ನು ರೂಪಿಸಿದನು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿದ ಬಳಿಕ ಅಲ್ಲಿಯ ಬಾಲಕರು ಮನೆಯ ನೆಲಮಾಳಿಗೆಗಳಲ್ಲಿ ಲೋಹದ ಕೊಳವೆಗಳಿಗೆ ಮದ್ದು ತುಂಬಿ ಗಾಯಗೊಳ್ಳತೊಡಗಿದಾಗ, ಹ್ಯಾರಿ ಸ್ಟೈನ್ ಎಂಬ ರಾಕೆಟ್ ತಂತ್ರಜ್ಞನು ಕಾರ್ಲೈಲನ ಮಾದರಿಯನ್ನು ಪ್ರಚಾರಕ್ಕೆ ತಂದನು. ಮದ್ದನ್ನು ಕಾರ್ಖಾನೆಯಲ್ಲಿ ಯಂತ್ರವು ತುಂಬಲಿ, ಉಳಿದುದನ್ನೆಲ್ಲ ವಿದ್ಯಾರ್ಥಿಯ ಕೈ ಮಾಡಲಿ ಎಂಬುದು ಅವರ ಕ್ರಮ.

ಆದುದರಿಂದ ನಾವು ಬೇರೊಂದು ದಾರಿ ಹಿಡಿದೆವು. ಎಂಜಿನಿನಷ್ಟೇ ಅಳತೆಯ, 18 ಮಿಲಿಮೀಟರ್ ವ್ಯಾಸದ, 70 ಮಿಲಿಮೀಟರ್ ಉದ್ದದ ಮರದ ತುಂಡೊಂದನ್ನು ಜಮಖಂಡಿಯ ಬಡಗಿಯೊಬ್ಬರಿಂದ ಕಡೆಸಿ ತಂದೆವು. ಈ ‘ಮರದ ಎಂಜಿನು’ ಉರಿಯುವುದಿಲ್ಲ. ಆದರೆ ಅದನ್ನು ಹಿಡಿದಿಡುವ ಗೂಡನ್ನು ಕಟ್ಟಿ, ತೂಕವಿಟ್ಟು ಪರೀಕ್ಷಿಸುವುದಕ್ಕೆ ಅದು ಧಾರಾಳವಾಗಿ ಸಾಕು. ರಾಕೆಟ್ಟಿನ ವಿಜ್ಞಾನದ ಅರ್ಧ ಭಾಗ ಉರಿಯಲ್ಲಿದ್ದರೆ ಇನ್ನರ್ಧ ಈ ಗೂಡಿನಲ್ಲಿದೆ ಎಂದರೆ ಉತ್ಪ್ರೇಕ್ಷೆಯೆನಿಸೀತು. ಮುಂದಿನ ಲೆಕ್ಕಗಳನ್ನು ನೋಡಿದ ಮೇಲೆ ಓದುಗರೇ ತೀರ್ಮಾನಿಸಲಿ.

ಮೊದಲು ಎಂಜಿನು ಏನು ಮಾಡುತ್ತದೆ ಎಂಬುದನ್ನು ತಿಳಿಯೋಣ. ಅದೊಂದು ದಪ್ಪ ಕಾಗದದ ಗಟ್ಟಿ ಕೊಳವೆ. ಹಿಂತುದಿಯಲ್ಲಿ ಜೇಡಿಮಣ್ಣನ್ನು ಒತ್ತಿ ಮಾಡಿದ ಕಿರಿದಾದ ಬಾಯಿ, ಅಂದರೆ ನಾಜಲ್ ಇರುತ್ತದೆ. ಅದರ ಮುಂದೆ ಒತ್ತಿ ತುಂಬಿದ ಕರಿಮದ್ದು. ಅದಕ್ಕೂ ಮುಂದೆ ಬಿಸಿಯನ್ನೂ ಹೊಗೆಯನ್ನೂ ಕೊಡುವ, ಆದರೆ ನೂಕದ, ನಿಧಾನವಾಗಿ ಉರಿಯುವ ಪದರ. ಎಲ್ಲಕ್ಕೂ ಮುಂದೆ ಒಂದು ಚಿಟಿಕೆ ಪುಡಿಮದ್ದು. ‘ಬಿ6-4’ ಎಂದು ಹೆಸರಿಟ್ಟ ಎಂಜಿನನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ‘ಬಿ’ ಎಂಬ ಅಕ್ಷರವು ಅದರ ಒಟ್ಟು ಆವೇಗವು 2.5ರಿಂದ 5 ನ್ಯೂಟನ್-ಸೆಕೆಂಡುಗಳ ಒಳಗಿದೆ ಎಂದು ಸೂಚಿಸುತ್ತದೆ. 6 ಎಂಬುದು ನೂಕುಬಲದ ಸರಾಸರಿ, ನ್ಯೂಟನ್ನುಗಳಲ್ಲಿ. 4 ಎಂಬುದು, ನೂಕುವಿಕೆ ಮುಗಿದ ಮೇಲೆ ಪುಡಿಮದ್ದು ಸಿಡಿಯುವ ತನಕ ಕಳೆಯುವ ಸೆಕೆಂಡುಗಳು. ನೂಕುವಿಕೆಯು ಒಂದು ಸೆಕೆಂಡಿಗೂ ಕಡಿಮೆ ಕಾಲ ನಡೆಯುತ್ತದೆ. ಆರಂಭದ ಕ್ಷಣದಲ್ಲಿ ಅದು ಸುಮಾರು 12 ನ್ಯೂಟನ್ನುಗಳಿಗೆ ಏರಿ ಬಳಿಕ ಇಳಿಯುತ್ತದೆ. ಆಮೇಲೆ ರಾಕೆಟ್ಟು ತನ್ನ ಓಟದ ಬಲದಿಂದಲೇ ಮೇಲೇರಿ, ನೆತ್ತಿಯನ್ನು ಮುಟ್ಟುವ ಹೊತ್ತಿಗೆ ಪುಡಿಮದ್ದು ಸಿಡಿದು ಅನಿಲವು ಮುಂದಕ್ಕೆ ನುಗ್ಗುತ್ತದೆ. ಆ ಅನಿಲವೇ ಮೊನೆಯ ಟೊಪ್ಪಿಗೆಯನ್ನು ಕಳಚಿ ಪ್ಯಾರಾಷೂಟನ್ನು ಹೊರಕ್ಕೆ ದೂಡಬೇಕು.

ಇಷ್ಟರಿಂದಲೇ ಎಂಜಿನು-ಗೂಡಿನ ಕರ್ತವ್ಯಗಳು ಸ್ಪಷ್ಟವಾಗುತ್ತವೆ. ಎಂಜಿನು ಮುಂದಕ್ಕೆ ನೂಕುವಾಗ ಅದು ರಾಕೆಟ್ಟಿನೊಳಗೆ ಜಾರಿಹೋಗದಂತೆ ತಡೆಯಬೇಕು. ಪುಡಿಮದ್ದು ಸಿಡಿದಾಗ ಎಂಜಿನು ಹಿಂದಕ್ಕೆ ಹಾರಿಹೋಗದಂತೆ ಹಿಡಿಯಬೇಕು. ಅನಿಲವು ಸಂದುಗಳಿಂದ ಹಿಂದಕ್ಕೆ ಸೋರದೆ ಮುಂದಕ್ಕೇ ಹೋಗುವಂತೆ ಮುಚ್ಚಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎಂಜಿನಿನ ಅಕ್ಷವೂ ರಾಕೆಟ್ಟಿನ ಅಕ್ಷವೂ ಒಂದೇ ಗೆರೆಯಲ್ಲಿರಬೇಕು.

ಗೂಡಿನ ಮುಖ್ಯ ಅಂಗವು 70 ಮಿಲಿಮೀಟರ್ ಉದ್ದದ ತೆಳು ರಟ್ಟಿನ ಕೊಳವೆ. ಅದರ ಒಳವ್ಯಾಸ ಎಂಜಿನಿಗೆ ಹಿತವಾಗಿ ಹೊಂದುವಷ್ಟು, ಹೊರವ್ಯಾಸ 18.7 ಮಿಲಿಮೀಟರ್. ರಾಕೆಟ್ಟಿನ ಮೈಕೊಳವೆಯ ಒಳವ್ಯಾಸವಾದರೋ 24.1 ಮಿಲಿಮೀಟರ್. ಎರಡರ ನಡುವೆ ಸುತ್ತಲೂ 2.7 ಮಿಲಿಮೀಟರಿನ ಸಂದು ಉಳಿಯುತ್ತದೆ. ಆ ಸಂದನ್ನು ತುಂಬಿ ಒಳಕೊಳವೆಯನ್ನು ನಟ್ಟನಡುವೆ ನಿಲ್ಲಿಸುವ ಎರಡು ರಟ್ಟಿನ ಬಳೆಗಳಿವೆ. ಇವನ್ನು ಕೇಂದ್ರಬಳೆಗಳೆಂದು ಕರೆಯೋಣ. ಒಳಕೊಳವೆಯೊಳಗೆ ಮುಂತುದಿಯಲ್ಲಿ ಅಂಟಿಸುವ 6 ಮಿಲಿಮೀಟರ್ ಅಗಲದ ಇನ್ನೊಂದು ಚಿಕ್ಕ ಬಳೆಯಿದೆ, ಇದು ತಡೆಬಳೆ. ಉಕ್ಕಿನ ಪಟ್ಟಿಯ ಎರಡು ತುದಿಗಳನ್ನೂ ಒಳಕ್ಕೆ ಬಾಗಿಸಲಾಗಿದೆ, ಇದೇ ಕೊಂಡಿ.

ಕೆಲಸದ ಕ್ರಮ ಹೀಗೆ. ಒಳಕೊಳವೆಯ ಮುಂತುದಿಯಿಂದ 6 ಮಿಲಿಮೀಟರ್ ಬಿಟ್ಟು ಸೀಸದಕಡ್ಡಿಯಿಂದ ಒಂದು ಗುರುತು ಹಾಕಬೇಕು. ಮುಂತುದಿಯಿಂದ 15 ಮತ್ತು 55 ಮಿಲಿಮೀಟರುಗಳಲ್ಲಿ ಇನ್ನೆರಡು. ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ, ಅದರ ಅಂಚು ಅಂಚಿಗೆ ಕೂಡುವಂತೆ ಹಿಡಿದು ಗೆರೆ ಎಳೆದರೆ ಗುರುತು ಕೊಳವೆಯ ಸುತ್ತ ನೇರವಾಗಿ ಬರುತ್ತದೆ. ಬರಿಗಣ್ಣಿನ ಅಂದಾಜಿಗೆ ಬಿಟ್ಟರೆ ಓರೆಯಾಗುವುದು ಖಂಡಿತ. ಮೊದಲ ಗುರುತಿನಲ್ಲಿ ಹರಿತವಾದ ಅಲಗಿನಿಂದ ಕೊಂಡಿಯ ಅಗಲದಷ್ಟು, ಎಂದರೆ ಸುಮಾರು 3 ಮಿಲಿಮೀಟರ್, ಸೀಳು ಮಾಡಿ ಕೊಂಡಿಯ ಮುಂತುದಿಯನ್ನು ಅದರೊಳಗೆ ಸಿಕ್ಕಿಸಬೇಕು. ಆಗ ಕೊಂಡಿಯು ಕೊಳವೆಯ ಬೆನ್ನ ಮೇಲೆ ಉದ್ದಕ್ಕೆ ಮಲಗಿ, ಅದರ ಹಿಂತುದಿ ಕೊಳವೆಯಿಂದ 6 ಮಿಲಿಮೀಟರ್ ಹೊರಗೆ ಚಾಚಿರುತ್ತದೆ. ಎಂಜಿನನ್ನು ತೊಡಿಸಿದಾಗ ಅದೂ ಅಷ್ಟೇ ಹೊರಗಿರುತ್ತದೆ. ಉರಿದು ಮುಗಿದ ಮೇಲೆ ಬೆರಳಿನಿಂದ ಹಿಡಿದೆಳೆಯಲು ಆ ಆರು ಮಿಲಿಮೀಟರು ಬೇಕು. ಅನಂತರ ತಡೆಬಳೆಗೆ ಅಂಟು ಹಚ್ಚಿ ಮುಂತುದಿಯಿಂದ ಒಳತೂರಿಸಿ, ಕೊಂಡಿಯ ಬಾಗಿದ ತುದಿಗೆ ತಾಗುವ ತನಕ ಒತ್ತಬೇಕು. ಬಳೆ ಕೊಂಡಿಯ ಮುಂದಿರಬೇಕೇ ಹೊರತು ಹಿಂದಲ್ಲ. ಹಿಂದಾದರೆ ಎಂಜಿನಿಗೆ ಸ್ಥಳ ಸಾಲದೆ ಕೊಂಡಿಯ ಬಾಯಿ ಮುಚ್ಚದು.

ಈಗ ಕೇಂದ್ರಬಳೆಗಳು. ಮುಂದಿನದು ಕೊಂಡಿಯ ಮೇಲೇ ಬಂದು ಅದನ್ನು ಕೊಳವೆಗೆ ಅಮುಕಿ ಹಿಡಿಯುತ್ತದೆ. ಹಿಂದಿನ ಬಳೆಯಲ್ಲಿ ಒಂದು ಕಚ್ಚು ಇರುತ್ತದೆ. ಆ ಕಚ್ಚಿನಲ್ಲಿ ಕೊಂಡಿಯು ಸಡಿಲವಾಗಿರಬೇಕು. ಅಲ್ಲಿ ಅಂಟು ಹರಿದು ಕೊಂಡಿಯೂ ಅಂಟಿಕೊಂಡರೆ ಮುಗಿಯಿತು; ಬಾಗದ ಕೊಂಡಿ ಎಂಜಿನಿಗೆ ದಾರಿ ಬಿಡದು. ಇದೇ ಕಂಡಿಕೆಯ ಹಿಡಿಕೆ: ಒಂದು ತುದಿ ಕಟ್ಟಿದ್ದು, ಇನ್ನೊಂದು ಬಾಗುವಂಥದು. ಮುಂದಿನ ಬಳೆಯ ಸುತ್ತ, ಅದರ ಎರಡು ಪಕ್ಕಗಳಲ್ಲಿಯೂ, ಅಂಟಿನ ಏಣನ್ನು ಬೆರಳಿನಿಂದ ಸವರಿ ಕಟ್ಟಬೇಕು. ಕೊಂಡಿ ಹಾದುಹೋಗುವ ಕಡೆ ಬಳೆಯ ಕೆಳಗೆ ಕಾಣದ ಸಂದೊಂದು ಉಳಿದಿರುತ್ತದೆ. ಅನಿಲ ಹಿಂದಕ್ಕೆ ಸೋರುವುದು ಅಲ್ಲಿಂದಲೇ. ಬಡಗಿಗಳು ಬಳಸುವ ಬಿಳಿಯ ಅಂಟು ಇದಕ್ಕೆ ಉತ್ತಮ. ಕ್ಷಣದಲ್ಲಿ ಬಿಗಿಯುವ ಅಂಟುಗಳು ರಟ್ಟಿನ ಕೆಲಸಕ್ಕೆ ಒಳ್ಳೆಯವಲ್ಲ ಎಂಬುದು ನನ್ನ ಅಭಿಪ್ರಾಯ. ತಪ್ಪನ್ನು ತಿದ್ದಲು ಅವು ಪುರಸೊತ್ತು ಕೊಡುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳುತ್ತಾರೆ: ಬರಿಯ ರಟ್ಟು, ಬರಿಯ ಅಂಟು, ಇವು ಎಂಜಿನಿನ ನೂಕನ್ನು ತಾಳಿಯಾವೇ? ಲೆಕ್ಕ ಮಾಡೋಣ. ಎಂಜಿನು ಸಹಿತ ರಾಕೆಟ್ಟಿನ ತೂಕ 60 ಗ್ರಾಂ; ಅದರಲ್ಲಿ ಎಂಜಿನಿನದು 18 ಗ್ರಾಂ ಎಂದಿಟ್ಟುಕೊಳ್ಳಿ. ನೂಕುಬಲ ತುದಿ ಮುಟ್ಟಿದಾಗ 12 ನ್ಯೂಟನ್. ಈ 12 ನ್ಯೂಟನ್ನೂ ತಡೆಬಳೆಯ ಮೇಲೆ ಬೀಳುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ನೂಕಿನ ಒಂದು ಪಾಲು ಎಂಜಿನನ್ನೇ ಮೇಲೆತ್ತುವುದಕ್ಕೆ ವೆಚ್ಚವಾಗುತ್ತದೆ. ಗೂಡಿನ ಮೂಲಕ ಹಾದುಹೋಗುವುದು ಉಳಿದ 42 ಗ್ರಾಮಿಗೆ ಬೇಕಾದಷ್ಟು ಮಾತ್ರ. ಗಾಳಿಯ ತಡೆಯನ್ನು ಬಿಟ್ಟರೆ ಅದು 12ನ್ನು 42ರಿಂದ ಗುಣಿಸಿ 60ರಿಂದ ಭಾಗಿಸಿದಷ್ಟು, ಅಂದರೆ 8.4 ನ್ಯೂಟನ್. ಕೇಂದ್ರಬಳೆಗಳು ತಲಾ 3 ಮಿಲಿಮೀಟರ್ ದಪ್ಪವಿದ್ದರೆ ಒಳಕೊಳವೆಯೊಡನೆ ಅವು ಅಂಟಿರುವ ವಿಸ್ತೀರ್ಣ ಒಟ್ಟು 350 ಚದರ ಮಿಲಿಮೀಟರಿಗೆ ಸಮೀಪ. ಚದರ ಮಿಲಿಮೀಟರೊಂದಕ್ಕೆ ಬೀಳುವ ಭಾರ ನ್ಯೂಟನ್ನಿನ ನಲವತ್ತನೆಯ ಒಂದು ಪಾಲಿಗಿಂತ ತುಸು ಕಡಿಮೆ. ಒಣಗಿದ ಅಂಟಿಗೆ ಇದು ಹೊರೆಯೇ ಅಲ್ಲ. ಹಾಗಾದರೆ ಗೂಡುಗಳು ಕಳಚುವುದೇಕೆ? ಅಂಟು ದುರ್ಬಲವಾದುದರಿಂದಲ್ಲ, ಅಂಟು ತಲಪಬೇಕಾದ ಕಡೆ ತಲಪದಿರುವುದರಿಂದ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಗೂಡು ಸಿದ್ಧವಾಗಿ ಒಣಗಿದ ಮೇಲೆ ಅದನ್ನು ಮೈಕೊಳವೆಯೊಳಕ್ಕೆ ಸೇರಿಸುವ ಸಮಯ ಬಂದಿತು. ನನ್ನ ಮಾತಿನಂತೆ ಹುಡುಗನು ಎರಡು ಕೇಂದ್ರಬಳೆಗಳ ಹೊರಮೈಗೂ ಅಂಟನ್ನು ಧಾರಾಳವಾಗಿ ಸವರಿ ಒಳಕ್ಕೆ ತಳ್ಳತೊಡಗಿದ. ಅರ್ಧಕ್ಕೆ ಬಂದಾಗ ನಾನೇ, ‘ತಡೆ, ನೇರವಾಗಿದೆಯೋ ನೋಡೋಣ’ ಎಂದು ಅವನ ಕೈ ಹಿಡಿದೆ. ನೋಡಿದ್ದು ನಾಲ್ಕೋ ಐದೋ ಸೆಕೆಂಡು. ಮತ್ತೆ ತಳ್ಳಿದರೆ ಗೂಡು ಕದಲಲಿಲ್ಲ. ಇನ್ನಷ್ಟು ಒತ್ತಿದರೆ ಮೈಕೊಳವೆಯೇ ಮಡಿಸಿಕೊಳ್ಳುವಂತಿತ್ತು. ಗೂಡಿನ 20 ಮಿಲಿಮೀಟರ್ ಹೊರಗೇ ಉಳಿಯಿತು. ಹಿಂದಿನ ಬಳೆ ಒಳಗೆ ಹೋಗಲೇ ಇಲ್ಲ. ಹುಡುಗನು ನನ್ನ ಮುಖ ನೋಡಿದ. ತಪ್ಪು ಅವನದಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಆದುದೇನೆಂದರೆ, ಬಿಳಿಯ ಅಂಟಿನಲ್ಲಿ ನೀರಿನ ಅಂಶ ಹೆಚ್ಚು. ಬಳೆಯೂ ಕೊಳವೆಯೂ ರಟ್ಟಿನವು. ಎರಡೂ ನೀರನ್ನು ಹೀರುತ್ತವೆ. ಹೀರಿದ ಒಡನೆ ರಟ್ಟು ಉಬ್ಬುತ್ತದೆ, ನೀರು ಕಳೆದುಕೊಂಡ ಅಂಟು ಗಟ್ಟಿಯಾಗುತ್ತದೆ. ಬಿಗಿಯಾಗಿ ಹೊಂದುವ ಸಂದಿನಲ್ಲಿ ಇವೆರಡೂ ಏಕಕಾಲದಲ್ಲಿ ನಡೆದರೆ ಹಿಡಿತವು ಕೆಲವೇ ಸೆಕೆಂಡುಗಳ ಕೆಲಸ. ಚಲಿಸುತ್ತಿರುವಷ್ಟು ಹೊತ್ತು ಅಂಟೇ ಜಾರುವ ಎಣ್ಣೆಯಂತೆ ನೆರವಾಗುತ್ತದೆ. ನಿಂತರೆ ಅದೇ ಬೇಡಿಯಾಗುತ್ತದೆ. ಅಲ್ಲದೆ ಬಳೆಗೆ ಹಚ್ಚಿದ ಅಂಟು ತಳ್ಳುವಾಗ ಕೊಳವೆಯ ಬಾಯಲ್ಲೇ ಹೆರೆದುಹೋಗಿ, ಒಳಗೆ ಹೋದ ಬಳೆ ಹೆಚ್ಚುಕಡಿಮೆ ಒಣಗಿದಂತೆಯೇ ಇರುತ್ತದೆ.

ಸರಿಯಾದ ಕ್ರಮ ಇದು. ಮುಂದಿನ ಬಳೆ ಕಟ್ಟಕಡೆಗೆ ನಿಲ್ಲುವ ಸ್ಥಳ ಮೈಕೊಳವೆಯ ಹಿಂಬಾಯಿಂದ 55 ಮಿಲಿಮೀಟರ್ ಒಳಗೆ. ಒಂದು ಬಿದಿರುಕಡ್ಡಿಗೆ ಅಷ್ಟು ಉದ್ದಕ್ಕೆ ಗುರುತು ಹಾಕಿ, ಅದರ ತುದಿಯಿಂದ ಅಂಟನ್ನು ಒಯ್ದು ಅಲ್ಲಿಯೇ, ಕೊಳವೆಯ ಒಳಗೋಡೆಯ ಸುತ್ತ, ಉಂಗುರದಂತೆ ಬಳಿಯಬೇಕು. ಬಳೆಗಳಿಗೆ ಏನನ್ನೂ ಹಚ್ಚಬಾರದು. ಬಳಿಕ ಗೂಡನ್ನು ಹಿಡಿದು, ನಡುವೆ ಎಲ್ಲಿಯೂ ನಿಲ್ಲಿಸದೆ, ಒಂದೇ ಉಸಿರಿನಲ್ಲಿ ಕೊನೆಮುಟ್ಟ ತಳ್ಳಬೇಕು. ಬಳೆಯು ತನ್ನ ಮುಂದಿರುವ ಅಂಟನ್ನು ತಾನೇ ಗುಡಿಸಿಕೊಂಡು ಏಣು ಕಟ್ಟುತ್ತದೆ. ಹಿಂದಿನ ಬಳೆಗೆ ಆಮೇಲೆ ಹೊರಗಿನಿಂದ ಅಂಟು ಸವರಿದರಾಯಿತು. ಅಂಟಿಲ್ಲದೆ ಒಣಗಿದಂತೆಯೇ ಒಮ್ಮೆ ತೂರಿಸಿ ನೋಡಿ, ಬಳೆ ಬಿಗಿಯಾಗಿದ್ದರೆ ಉಪ್ಪುಕಾಗದದಿಂದ ಉಜ್ಜಿ ಹಿತಮಾಡಿಕೊಳ್ಳುವುದನ್ನು ಮೊದಲೇ ಮುಗಿಸಿರಬೇಕು. ನೇರವಾಗಿದೆಯೇ ಎಂದು ನೋಡುವುದು ಆಗ, ಅಂಟು ಹಚ್ಚಿದ ಮೇಲಲ್ಲ.

ನಮ್ಮ ರಾಕೆಟ್ಟಿಗೆ ಚಿಕಿತ್ಸೆ ಬೇಕಾಯಿತು. ಹೊರಗುಳಿದ ಭಾಗವನ್ನು ಮುಚ್ಚಲು, ಮೈಕೊಳವೆಯಷ್ಟೇ ವ್ಯಾಸದ 20 ಮಿಲಿಮೀಟರ್ ಉದ್ದದ ತುಂಡುಕೊಳವೆಯನ್ನು ಕಾಗದದಿಂದ ಸುತ್ತಿ ಮಾಡಿ, ಹಿಂದಿನ ಬಳೆಯ ಮೇಲೆ ಕೂರಿಸಿ, ಕೂಡಿದ ಕಡೆ ಕಾಗದದ ಪಟ್ಟಿಯನ್ನು ಸುತ್ತಿ ಅಂಟಿಸಿದೆವು. ಕಾಗದ ಸುತ್ತುವುದರಲ್ಲಿ ಹುಡುಗನ ಕೈ ನನ್ನದಕ್ಕಿಂತ ಪಳಗಿತ್ತು. ನೂಲು ಸುತ್ತುವ ಮನೆಯವನಲ್ಲವೇ!

ಆದರೆ ಅದು ನೇರವಾಗಿದೆಯೇ? ಇದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. 18 ಮಿಲಿಮೀಟರ್ ದಪ್ಪದ ನೆಟ್ಟನೆಯ ಉದ್ದ ಕೋಲನ್ನು ಎಂಜಿನಿನ ಸ್ಥಳದಲ್ಲಿ ತೂರಿಸಿ, ಅದು 180 ಮಿಲಿಮೀಟರ್ ಹೊರಚಾಚಿರುವಂತೆ ಮಾಡಿ. ಸಮತಟ್ಟಾದ ಗಾಜಿನ ಮೇಲೆ ಮೈಕೊಳವೆಯನ್ನಿಟ್ಟು ನಿಧಾನವಾಗಿ ಉರುಳಿಸಿ, ಕೋಲಿನ ತುದಿಯನ್ನು ಗಮನಿಸಿ. ಅಕ್ಷಗಳು ಒಂದೇ ಆಗಿದ್ದರೆ ತುದಿ ಸ್ಥಿರವಾಗಿ ತಿರುಗುತ್ತದೆ. ಓರೆಯಿದ್ದರೆ ಮೇಲೆ ಕೆಳಗೆ ಓಲಾಡುತ್ತದೆ. ನಮ್ಮ ಕೋಲು 6 ಮಿಲಿಮೀಟರ್ ಓಲಾಡಿತು. ನಾನು ಅಳತೆಪಟ್ಟಿ ಹುಡುಕುವ ಮೊದಲೇ ಹುಡುಗನು, ‘ಸರ್, ಕದರ ಸೊಟ್ಟ ಐತ್ರೀ’ ಎಂದ. ಕಂಡಿಕೆ ಸುತ್ತುವ ರಾಟೆಯ ಕದಿರು ತುಸು ಬಾಗಿದರೂ ಅದರ ತುದಿ ಹೀಗೆಯೇ ಕುಣಿಯುತ್ತದೆ, ನೂಲು ಕಿತ್ತುಹೋಗುತ್ತದೆ. ಅದು ಅವನಿಗೆ ಬಾಲ್ಯದಿಂದ ಕಂಡದ್ದು.

6 ಮಿಲಿಮೀಟರ್ ಓಲಾಟವೆಂದರೆ ತುದಿಯು ಅಕ್ಷದಿಂದ 3 ಮಿಲಿಮೀಟರ್ ಸರಿದಿದೆ. 180ಕ್ಕೆ 3 ಎಂದರೆ ಹತ್ತಿರ ಹತ್ತಿರ 1 ಡಿಗ್ರಿ ಓರೆ. ಎರಡು ಕೇಂದ್ರಬಳೆಗಳ ನಡುವಣ ಅಂತರ 40 ಮಿಲಿಮೀಟರ್; ಅವುಗಳಲ್ಲೊಂದು ನಡುವಿನಿಂದ ಕೇವಲ 0.7 ಮಿಲಿಮೀಟರ್ ಸರಿದಿದ್ದರೆ ಇಷ್ಟು ಓರೆ ಹುಟ್ಟುತ್ತದೆ. 1 ಡಿಗ್ರಿ ಏನು ಮಹಾ ಎನ್ನುವವರಿಗಾಗಿ ಈ ಲೆಕ್ಕ:

ರಾಕೆಟ್ಟಿನ ಗುರುತ್ವಕೇಂದ್ರವು ಎಂಜಿನಿನ ಬಾಯಿಂದ 180 ಮಿಲಿಮೀಟರ್ ಮುಂದಿದೆ ಎನ್ನೋಣ. ನೂಕುಬಲದ ಗೆರೆ 1 ಡಿಗ್ರಿ ಓರೆಯಾದರೆ ಅದು ಗುರುತ್ವಕೇಂದ್ರವನ್ನು ಹಾಯದೆ, ಸುಮಾರು 3 ಮಿಲಿಮೀಟರ್ ಪಕ್ಕದಲ್ಲಿ ಹಾದುಹೋಗುತ್ತದೆ. ಸರಾಸರಿ ನೂಕು 6 ನ್ಯೂಟನ್. ಇದರ ಭ್ರಾಮಕ, ಎಂದರೆ ತಿರುಗಿಸುವ ಸಾಮರ್ಥ್ಯ, 6ನ್ನು 0.0031ರಿಂದ ಗುಣಿಸಿದಾಗ ಬರುವ 0.019 ನ್ಯೂಟನ್-ಮೀಟರ್. ರಾಕೆಟ್ಟನ್ನು 31 ಸೆಂಟಿಮೀಟರ್ ಉದ್ದದ, 60 ಗ್ರಾಂ ತೂಕದ ಸಮನಾದ ಸರಳೆಂದು ಭಾವಿಸಿದರೆ, ನಡುವಿನ ಸುತ್ತ ತಿರುಗುವುದಕ್ಕೆ ಅದು ತೋರುವ ಜಡತ್ವವು, ತೂಕವನ್ನು ಉದ್ದದ ವರ್ಗದಿಂದ ಗುಣಿಸಿ 12ರಿಂದ ಭಾಗಿಸಿದಷ್ಟು: 0.00048 ಕಿಲೋಗ್ರಾಂ-ಚದರ ಮೀಟರ್. ಭಾಗಿಸಿ ನೋಡಿದರೆ ತಿರುಗುವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 39 ರೇಡಿಯನ್. ತಡೆಯುವವರು ಯಾರೂ ಇಲ್ಲದಿದ್ದರೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿಯೇ ರಾಕೆಟ್ಟಿನ ಮೂತಿ 11 ಡಿಗ್ರಿ ಹೊರಳುತ್ತದೆ!

ತಡೆಯುವವರು ಇದ್ದಾರೆ. ಮೊದಲ ಒಂದು ಮೀಟರು ರಾಕೆಟ್ಟು ಉಕ್ಕಿನ ಸರಳನ್ನು ಹಿಡಿದು ಜಾರುತ್ತದೆ. 6 ನ್ಯೂಟನ್ ನೂಕಿನಲ್ಲಿ ಅದಕ್ಕೆ ತಗಲುವ ಕಾಲ ಸುಮಾರು 0.15 ಸೆಕೆಂಡು, ಸರಳನ್ನು ಬಿಡುವಾಗಿನ ವೇಗ ಸೆಕೆಂಡಿಗೆ 13 ಮೀಟರಿಗೂ ಮೇಲೆ. ಅಷ್ಟು ಗಾಳಿ ಬೀಸಿದರೆ ಬಾಲದ ರೆಕ್ಕೆಗಳು ತಮ್ಮ ಕೆಲಸ ಮಾಡಲು ಸಮರ್ಥವಾಗುತ್ತವೆ. ಆದರೆ ಓರೆಯ ನೂಕಿಗೆ ಎದುರಾಗಿ ಒತ್ತಬೇಕಾದರೆ ರೆಕ್ಕೆಗಳು ಗಾಳಿಗೆ ಸ್ವಲ್ಪ ಓರೆಯಾಗಿಯೇ ಹೋಗಬೇಕು. ಆದುದರಿಂದ ರಾಕೆಟ್ಟಿನ ಹಾದಿ ಬಾಗುತ್ತದೆ. ಬಾಗಿದ ಹಾದಿಯ ಅರ್ಥ ಜಮಖಂಡಿ-ಮುಧೋಳಗಳ ಕಡೆಯ ರೈತನಿಗೆ ಬೇಗ ತಿಳಿದೀತು. ಎಲ್ಲಿ ನೋಡಿದರೂ ಕಬ್ಬು. ಕಟಾವಾದ ಹೊಲದಲ್ಲಿ ಒಣಗಿದ ರವದಿಯ ಹಾಸು. ಬಿಸಿಯಾದ ಎಂಜಿನೊಂದು ಅಲ್ಲಿ ಬಿದ್ದರೆ ಸುಡುವುದು ರಾಕೆಟ್ಟು ಮಾತ್ರವಲ್ಲ. ಬೀಳಗಿಯ ಕಡೆ ಕೃಷ್ಣೆಯ ಹಿನ್ನೀರಿನ ಮೇಲಿಂದ ಬೀಸುವ ಗಾಳಿಯಂತೂ ಪ್ಯಾರಾಷೂಟನ್ನು ಎಲ್ಲಿಗೆ ಒಯ್ದೀತೆಂದು ಹೇಳಲಾಗದು.

ಗುರುತ್ವಕೇಂದ್ರದ ಪಕ್ಕದಲ್ಲಿ ಹಾದುಹೋಗುವ ನೂಕಿನ ಈ ತೊಡಕು ಕರ್ನಾಟಕಕ್ಕೆ ಹೊಸದಲ್ಲ. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ಸೈನ್ಯವು ಹದಿನೆಂಟನೆಯ ಶತಮಾನದಲ್ಲಿ ಬಳಸಿದ ರಾಕೆಟ್ಟುಗಳು ಜಗತ್ಪ್ರಸಿದ್ಧ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತುವು. ಅವುಗಳ ಹಿರಿಮೆಗೆ ಕಾರಣವಾಗಿ ಸಾಮಾನ್ಯವಾಗಿ ಹೇಳುವುದು ಕಬ್ಬಿಣದ ಕವಚವನ್ನು. ಕಾಗದ ಬಿದಿರುಗಳಿಗಿಂತ ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳುವುದರಿಂದ ನೂಕೂ ದೂರವೂ ಹೆಚ್ಚಿದುವು. ಮಾತು ನಿಜ. ಆದರೆ ಕೊಳವೆಯನ್ನು ಬಿದಿರಗಳುವಿಗೆ ಕಟ್ಟಿದ ಬಗೆಯ ಕಡೆಗೆ ಗಮನ ಕೊಡುವವರು ಕಡಿಮೆ. ಕೊಳವೆಯು ಗಳುವಿನ ಪಕ್ಕಕ್ಕೆ ತೊಗಲಿನ ಪಟ್ಟಿಯಿಂದ ಬಿಗಿಯಲ್ಪಟ್ಟಿತ್ತು. ಉದ್ದವಾದ ಗಳು ಬಾಲದಂತೆ ಹಿಂದುಳಿದು ಹಾರಾಟವನ್ನು ಸ್ಥಿರಪಡಿಸುತ್ತಿತ್ತು. ಆದರೆ ಪಕ್ಕಕ್ಕೆ ಕಟ್ಟಿದುದರಿಂದ ಒಟ್ಟು ಗುರುತ್ವಕೇಂದ್ರ ಕೊಳವೆಯ ಅಕ್ಷದ ಮೇಲೆ ಬೀಳುತ್ತಿರಲಿಲ್ಲ. ಲೆಕ್ಕಕ್ಕೆಂದು ಮದ್ದುಸಹಿತ ಕೊಳವೆ 2 ಕಿಲೋ, ಗಳು 1 ಕಿಲೋ, ಎರಡರ ಅಕ್ಷಗಳ ನಡುವಣ ಅಂತರ 40 ಮಿಲಿಮೀಟರ್ ಎಂದಿಟ್ಟುಕೊಂಡರೆ, ಗುರುತ್ವಕೇಂದ್ರವು ಕೊಳವೆಯ ಅಕ್ಷದಿಂದ 13 ಮಿಲಿಮೀಟರ್ ದೂರ. ಮದ್ದು ಉರಿದು ಕೊಳವೆ 1.4 ಕಿಲೋಗೆ ಇಳಿದಾಗ ಆ ದೂರ 17 ಮಿಲಿಮೀಟರಿಗೆ ಬೆಳೆಯುತ್ತದೆ. ಹಾರುತ್ತ ಹಾರುತ್ತ ಓರೆ ಹೆಚ್ಚುವ ರಾಕೆಟ್ಟು! ಒಂದೊಂದನ್ನೇ ಗುರಿಯಿಟ್ಟು ಹೊಡೆಯುವುದಕ್ಕಿಂತ, ಹಲವನ್ನು ಒಟ್ಟಿಗೆ ಶತ್ರುಸೈನ್ಯದ ಮೇಲೆ ಬಿಡುವುದರಲ್ಲಿ ಅವುಗಳ ಪರಿಣಾಮವಿದ್ದುದು ಸಹಜವೇ ಆಗಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮಾದರಿಗಳು ಇಂಗ್ಲೆಂಡಿನ ವುಲ್ವಿಚ್‌ಗೆ ಹೋದುವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನನುಸರಿಸಿ ತನ್ನ ರಾಕೆಟ್ಟುಗಳನ್ನು ಮಾಡಿದನು. ಅವನೂ ಮೊದಮೊದಲು ಗಳುವನ್ನು ಪಕ್ಕಕ್ಕೇ ಕಟ್ಟಿದನು. 1815ರ ಹೊತ್ತಿಗೆ ಗಳುವನ್ನು ಕೊಳವೆಯ ತಳದ ನಟ್ಟನಡುವೆ ತಿರುಪಿನಿಂದ ಕೂರಿಸಿ, ಅನಿಲ ಹೊರಡುವ ರಂಧ್ರಗಳನ್ನು ಅದರ ಸುತ್ತ ಇರಿಸಿದನು. ನೂಕಿನ ಗೆರೆಯನ್ನೂ ಗುರುತ್ವಕೇಂದ್ರವನ್ನೂ ಒಂದುಗೂಡಿಸುವುದಕ್ಕಾಗಿಯೇ ಈ ಬದಲಾವಣೆ. ನಮ್ಮ ರಟ್ಟಿನ ಕೇಂದ್ರಬಳೆಯ ಕೆಲಸವೂ ಬೇರೆಯಲ್ಲ. 1844ರಲ್ಲಿ ವಿಲಿಯಂ ಹೇಲ್ ಗಳುವನ್ನೇ ಕೈಬಿಟ್ಟು ರಾಕೆಟ್ಟನ್ನು ಬುಗುರಿಯಂತೆ ತಿರುಗಿಸಿ ಹಾರಿಸಿದನು. ತಿರುಗುವಾಗ ಓರೆಯು ಎಲ್ಲ ದಿಕ್ಕಿಗೂ ಹಂಚಿಹೋಗುತ್ತದೆ.

ಇಂದಿನ ದೊಡ್ಡ ರಾಕೆಟ್ಟುಗಳಲ್ಲಿ ಇದೇ ಓರೆಯು ಚುಕ್ಕಾಣಿಯಾಗಿ ದುಡಿಯುತ್ತದೆ. ಭಾರತದ ಪಿಎಸ್‌ಎಲ್‌ವಿ ರಾಕೆಟ್ಟಿನ ಎರಡನೆಯ ಹಂತದಲ್ಲಿರುವ ವಿಕಾಸ್ ಎಂಜಿನನ್ನು ಗಟ್ಟಿಯಾಗಿ ಅಂಟಿಸಿಲ್ಲ; ಕೀಲಿನ ಮೇಲೆ ಕೂರಿಸಿ, ಬೇಕಾದ ಕಡೆಗೆ ಕೆಲವು ಡಿಗ್ರಿ ಬಾಗಿಸಿ ದಿಕ್ಕನ್ನು ತಿದ್ದುತ್ತಾರೆ. ನಮಗೆ ಅರಿವಿಲ್ಲದೆ ಬಂದ 1 ಡಿಗ್ರಿ ದೋಷ. ಅಲ್ಲಿ ಗಣಕಯಂತ್ರ ಅಳೆದು ಕೊಡುವ 1 ಡಿಗ್ರಿ ಮಾರ್ಗದರ್ಶನ.

ನಮ್ಮ ಗೂಡಿಗೆ ಮರಳೋಣ. ತುಂಡುಕೊಳವೆಯ ಕೂಡನ್ನು ನೀರಿನಿಂದ ತೇವಗೊಳಿಸಿ ಬಿಚ್ಚಿ, ಹಿಂದಿನ ಬಳೆಯ ಒಂದು ಪಕ್ಕವನ್ನು ಉಪ್ಪುಕಾಗದದಿಂದ ಉಜ್ಜಿ, ಎದುರು ಪಕ್ಕಕ್ಕೆ ತೆಳು ಕಾಗದದ ಪಟ್ಟಿ ಅಂಟಿಸಿ ಮತ್ತೆ ಜೋಡಿಸಿದೆವು. ಎರಡು ಸಲ ಮಾಡಬೇಕಾಯಿತು. ಕೊನೆಗೆ ಓಲಾಟ ಒಂದೂವರೆ ಮಿಲಿಮೀಟರಿಗೆ ಇಳಿಯಿತು. ಎಂದರೆ ಕಾಲು ಡಿಗ್ರಿ. ಇನ್ನು ಬಲದ ಪರೀಕ್ಷೆ. ರಾಕೆಟ್ಟನ್ನು ತಲೆಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿ, ಮರದ ಎಂಜಿನನ್ನು ತೊಡಿಸಿ, ಅದರ ಮೇಲೆ ಅಡ್ಡಕೋಲಿಟ್ಟು ಎರಡು ಪಕ್ಕಗಳಲ್ಲಿಯೂ ಸಮತೂಕದ ಚೀಲಗಳನ್ನು ತೂಗುಬಿಟ್ಟೆವು. ಒಟ್ಟು ಎರಡೂವರೆ ಕಿಲೋ, ಅಂದರೆ ಸುಮಾರು 25 ನ್ಯೂಟನ್. ನೂಕಿನ ತುತ್ತತುದಿಯ ಎರಡರಷ್ಟು. ತಡೆಬಳೆ ಕದಲಲಿಲ್ಲ.

ಕೊಂಡಿಯ ಪರೀಕ್ಷೆಯನ್ನು ಅನೇಕರು ಮರೆಯುತ್ತಾರೆ. ಪುಡಿಮದ್ದು ಸಿಡಿದಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಅರ್ಧ ವಾಯುಭಾರದಷ್ಟು ಹೆಚ್ಚಿತೆಂದು ಭಾವಿಸಿ. ಎಂಜಿನಿನ ಮುಖದ ವಿಸ್ತೀರ್ಣ 254 ಚದರ ಮಿಲಿಮೀಟರ್. ಅದರ ಮೇಲೆ ಹಿಮ್ಮುಖವಾಗಿ ಬೀಳುವ ಬಲ ಸುಮಾರು 13 ನ್ಯೂಟನ್. ಮೊನೆಯ ಟೊಪ್ಪಿಗೆಯ ಮೇಲೆ ಅದೇ ಒತ್ತಡ 23 ನ್ಯೂಟನ್ನಿನಷ್ಟು ಬಲ ಹಾಕುತ್ತದೆ. ಎರಡು ಬಾಗಿಲುಗಳಲ್ಲಿ ಯಾವುದು ಸಡಿಲವೋ ಅದು ಮೊದಲು ತೆರೆಯುತ್ತದೆ. ಟೊಪ್ಪಿಗೆ ಬಿಗಿಯಾಗಿ ಕೊಂಡಿ ಸಡಿಲವಾಗಿದ್ದರೆ ಹಾರಿಹೋಗುವುದು ಎಂಜಿನು. ಪ್ಯಾರಾಷೂಟು ಒಳಗೇ ಉಳಿದು ರಾಕೆಟ್ಟು ಮೂತಿ ಕೆಳಗಾಗಿ ಈಟಿಯಂತೆ ಧುಮುಕುತ್ತದೆ. ಹೀಗೆ ಇಳಿಯುವ ರಾಕೆಟ್ಟಿನಿಂದ ಕೆಳಗೆ ನಿಂತವರಿಗೆ ಅಪಾಯವಿದೆ. ಆದುದರಿಂದ ಮರದ ಎಂಜಿನಿಗೆ ಮೊಳೆ ಹೊಡೆದು, ದಾರ ಕಟ್ಟಿ, ಎರಡು ಕಿಲೋ ತೂಕವನ್ನು ಕೆಳಕ್ಕೆ ತೂಗಿಬಿಟ್ಟೆವು. ಕೊಂಡಿ ಹಿಡಿಯಿತು. ಟೊಪ್ಪಿಗೆಯನ್ನಾದರೋ ಬಾಯಿಂದ ಜೋರಾಗಿ ಊದಿದರೆ ಕಳಚುವಷ್ಟು ಸಡಿಲಗೊಳಿಸಿದೆವು. ಹಾಗೆ ಊದುವಾಗ ಬಾಲದ ಕಡೆ ಕೆನ್ನೆಗೆ ಗಾಳಿ ತಾಗಿದರೆ ಬಳೆಯ ಸುತ್ತ ಸಂದು ಉಳಿದಿದೆಯೆಂದೇ ತಿಳಿಯಬೇಕು. ನಮ್ಮದರಲ್ಲಿ ಕೊಂಡಿಯ ಕೆಳಗೆ ತುಸು ಸೋರಿಕೆಯಿತ್ತು. ಮತ್ತೊಂದು ಹನಿ ಅಂಟು ಅದನ್ನು ಮುಚ್ಚಿತು.

ಮನೆಯಲ್ಲಿ ಇದನ್ನು ಮಾಡಿನೋಡುವ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಎರಡು ಕೇಂದ್ರಬಳೆಗಳನ್ನು 40ರ ಬದಲು 20 ಮಿಲಿಮೀಟರ್ ಅಂತರದಲ್ಲಿ ಅಂಟಿಸಿ, ಅವುಗಳಲ್ಲೊಂದು ಮೊದಲಿನಂತೆಯೇ 0.7 ಮಿಲಿಮೀಟರ್ ಸರಿದಿದೆ ಎನ್ನಿ. ನೂಕಿನ ಗೆರೆ ಗುರುತ್ವಕೇಂದ್ರದಿಂದ ಎಷ್ಟು ದೂರದಲ್ಲಿ ಹಾದುಹೋದೀತು? ಲೆಕ್ಕವನ್ನು ಕಾಗದದ ಮೇಲೆ ಮುಗಿಸಿ, ಆಮೇಲೆ ಕೋಲನ್ನು ಗಾಜಿನ ಮೇಲೆ ಉರುಳಿಸಿ ತಾಳೆನೋಡಿ.